ಪೆಟ್ರೋಲ್ ವಾಸನೆಯ ಜಾಡು: ಓದುಗರ ಪ್ರಶ್ನೆ, ವರ್ಕ್‌ಶಾಪ್ ಉತ್ತರ

ಈ ಸಲ ಬಂದ ಪ್ರಶ್ನೆಗಳಲ್ಲಿ ನಾಲ್ಕು ಒಂದೇ ವಿಷಯದ್ದು: ಸ್ಪೋರ್ಟ್ಸ್ ಕಾರು, ಪೆಟ್ರೋಲ್ ವಾಸನೆ. ಹಾಗಾಗಿ ನಾಲ್ಕನ್ನೂ ಒಟ್ಟಿಗೆ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ನನ್ನದು 1994ರ ಮಜ್ದಾ ಎಂಎಕ್ಸ್-5, 1.8 ಲೀಟರ್ ಎಂಜಿನ್. ಎರಡು ತಿಂಗಳಿಂದ ಕಾರಿನೊಳಗೆ ಪೆಟ್ರೋಲ್ ವಾಸನೆ. ಟ್ಯಾಂಕ್ ಫುಲ್ ಮಾಡಿಸಿದ ದಿನವಂತೂ ತಲೆನೋವು ಬರುವಷ್ಟು. ತಿರುವುಗಳಲ್ಲಿ ಇನ್ನೂ ಜಾಸ್ತಿ. ನೂರು ಮೈಲಿ ಓಡಿದ ಮೇಲೆ ತಾನಾಗಿಯೇ ಕಡಿಮೆಯಾಗುತ್ತದೆ. ಕೆಳಗೆ ಒಂದು ಹನಿಯೂ ಬಿದ್ದಿಲ್ಲ. ಫಿಲ್ಟರ್ ಬದಲಾಯಿಸಿದೆ, ಟ್ಯಾಂಕಿನ ಮುಚ್ಚಳ ಬದಲಾಯಿಸಿದೆ, ಪ್ರಯೋಜನವಾಗಲಿಲ್ಲ. ಮುಂದೆ ಏನು ಬದಲಾಯಿಸಲಿ?
— ಸನ್ನಿವೇಲ್, ಕ್ಯಾಲಿಫೋರ್ನಿಯಾ

ಉತ್ತರ: ಸದ್ಯಕ್ಕೆ ಏನನ್ನೂ ಬದಲಾಯಿಸಬೇಡಿ. ಅರ್ಧ ಉತ್ತರವನ್ನು ನೀವೇ ಬರೆದು ಕಳಿಸಿದ್ದೀರಿ. ವಾಸನೆ ಎಲ್ಲಿಂದ ಬರುತ್ತದೆ ಎಂದು ಮೂಗು ಹೇಳುವುದಿಲ್ಲ. ಯಾವಾಗ ಬರುತ್ತದೆ ಎಂಬುದು ಹೇಳುತ್ತದೆ. ಫಿಲ್ಟರ್ ಇರುವುದು ಪಂಪಿನ ಒತ್ತಡ ಬೀಳುವ ಕಡೆ. ಅದು ಸೋರಿದರೆ ಟ್ಯಾಂಕ್ ತುಂಬಿದ್ದರೂ ಸೋರುತ್ತದೆ, ಕಾಲು ಭಾಗ ಇದ್ದರೂ ಸೋರುತ್ತದೆ. ನಿಮ್ಮ ಕಾರಿನಲ್ಲಿ ಹಾಗಾಗುತ್ತಿಲ್ಲ. ತುಂಬಿದಾಗ ವಾಸನೆ, ತಿರುವಿನಲ್ಲಿ ಹೆಚ್ಚು, ಮೂರನೇ ಒಂದು ಭಾಗ ಖಾಲಿಯಾದರೆ ಕಡಿಮೆ: ಇದರರ್ಥ ತೂತು ಟ್ಯಾಂಕಿನ ಮೇಲ್ಭಾಗದಲ್ಲಿದೆ, ಪೆಟ್ರೋಲ್ ಅಲುಗಾಡಿ ಅಲ್ಲಿಗೆ ತಲುಪಿದಾಗ ಮಾತ್ರ ಒದ್ದೆಯಾಗುತ್ತಿದೆ.

ಈ ಕಾರಿನ 48 ಲೀಟರ್ ಟ್ಯಾಂಕ್ ಸೀಟುಗಳ ಹಿಂದೆ, ಡಿಕ್ಕಿಗೂ ಕ್ಯಾಬಿನ್ನಿಗೂ ನಡುವೆ ಕೂತಿದೆ. ಅದರ ಮೇಲ್ಭಾಗದಲ್ಲಿ ಅನುಮಾನಿಸಬೇಕಾದ ಜಾಗಗಳು ಮೂರೇ. ಒಂದು, ಪೆಟ್ರೋಲ್ ಹಾಕುವ ಬಾಯಿಯಿಂದ ಟ್ಯಾಂಕಿಗೆ ಬರುವ ದಪ್ಪ ರಬ್ಬರ್ ಹೋಸ್, ಅದರ ಜೊತೆಗೇ ಬರುವ ಸಣ್ಣ ಗಾಳಿ ಹೋಸ್. ಎರಡು, ಪಂಪ್ ಮತ್ತು ಗೇಜಿನ ಜೋಡಣೆ ಕೂತಿರುವ ಮುಚ್ಚಳದ ಗ್ಯಾಸ್ಕೆಟ್, ಅದರ ಮೇಲಿನ ಹೋಸ್‌ಗಳು. ಮೂರು, ಆವಿಯನ್ನು ಮುಂದಿನ ಇದ್ದಿಲು ಡಬ್ಬಿಗೆ (ಟ್ಯಾಂಕಿನ ಆವಿಯನ್ನು ಹೀರಿಟ್ಟು ಆಮೇಲೆ ಎಂಜಿನ್ನಿಗೆ ಬಿಡುವ ಡಬ್ಬಿ) ಒಯ್ಯುವ ಸಣ್ಣ ಪೈಪುಗಳು ಮತ್ತು ವಾಲ್ವ್. ಮೂವತ್ತು ವರ್ಷದ ರಬ್ಬರ್ ಹೊರಗಿನಿಂದ ನೋಡಲು ಚೆನ್ನಾಗಿಯೇ ಇರುತ್ತದೆ. ಬಿರುಕು ಬಿಡುವುದು ಕ್ಲಾಂಪ್ ಕಚ್ಚಿದ ಅಂಚಿನಲ್ಲಿ, ಬಾಗಿದ ಕಡೆಯ ಹೊರಮೈಯಲ್ಲಿ. ಕೈಯಿಂದ ಹಿಂಡಿ, ತಿರುಚಿ ನೋಡಿದರೆ ಮಾತ್ರ ಕಾಣುತ್ತದೆ.

ಹನಿ ಕಾಣದಿರುವುದಕ್ಕೂ ಕಾರಣವಿದೆ. ಜಿನುಗಿದ ಪೆಟ್ರೋಲ್ ಟ್ಯಾಂಕಿನ ಮೇಲೆಯೇ ಹರಡಿ ಆರಿಹೋಗುತ್ತದೆ. ಅದರ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ, ಹಾಗಾಗಿ ಮೇಲೇಳದೆ ಡಿಕ್ಕಿಯ ತಳದಲ್ಲಿ, ಸೀಟಿನ ಹಿಂದಿನ ಗುಳಿಯಲ್ಲಿ ಕೂರುತ್ತದೆ. ಓಡುವಾಗ ತೆರೆದ ಕಾರಿನ ಕ್ಯಾಬಿನ್ನಿನಲ್ಲಿ ಗಾಳಿಯ ಒತ್ತಡ ಕಡಿಮೆಯಾಗಿ, ಹಿಂದಿನ ಗಾಳಿಯನ್ನು ಮುಂದಕ್ಕೆ ಎಳೆಯುತ್ತದೆ. ಆದ್ದರಿಂದ ವಾಸನೆ ಮೊದಲು ಮುಟ್ಟುವುದು ನಿಮ್ಮ ಕುತ್ತಿಗೆಯ ಹಿಂಭಾಗಕ್ಕೆ. ಜೊತೆಗೆ, ಎಂಜಿನ್ ಹತ್ತಿರ ಬಿಸಿಯಾಗಿ ಉಳಿದ ಪೆಟ್ರೋಲ್ ಈ ಕಾರಿನಲ್ಲಿ ಟ್ಯಾಂಕಿಗೆ ವಾಪಸ್ ಬರುತ್ತದೆ. ಬೇಸಿಗೆಯಲ್ಲಿ ಗಂಟೆಗಟ್ಟಲೆ ಓಡಿಸಿದರೆ ಇಡೀ ಟ್ಯಾಂಕೇ ಬೆಚ್ಚಗಾಗಿ ಆವಿ ಹೆಚ್ಚುತ್ತದೆ.

ಹುಡುಕುವ ಕ್ರಮ ಹೀಗಿರಲಿ. ಟ್ಯಾಂಕ್ ಮುಕ್ಕಾಲಿಗಿಂತ ಹೆಚ್ಚು ಇರುವಾಗಲೇ ನೋಡಬೇಕು. ಖಾಲಿ ಟ್ಯಾಂಕಿನಲ್ಲಿ ಈ ಕಳ್ಳ ಸಿಗುವುದಿಲ್ಲ. ಕಾರನ್ನು ಬಯಲಲ್ಲಿ ನಿಲ್ಲಿಸಿ. ಗುಂಡಿ ಇರುವ ಗ್ಯಾರೇಜಿನಲ್ಲಂತೂ ಬೇಡವೇ ಬೇಡ, ಆವಿ ಇಳಿದು ಅಲ್ಲೇ ಶೇಖರವಾಗುತ್ತದೆ. ಡಿಕ್ಕಿ ತೆರೆದು ಹತ್ತು ಹದಿನೈದು ನಿಮಿಷ ಗಾಳಿಯಾಡಲು ಬಿಡಿ. ಈ ಕಾರಿನ ಬ್ಯಾಟರಿ ಡಿಕ್ಕಿಯಲ್ಲೇ ಇದೆ ಎಂಬುದನ್ನು ಮರೆಯಬೇಡಿ. ಆವಿ ತುಂಬಿದ ಡಿಕ್ಕಿಯಲ್ಲಿ ಬ್ಯಾಟರಿ ವೈರ್ ಬಿಚ್ಚಿದರೆ ಹಾರುವ ಒಂದು ಕಿಡಿ ಸಾಕು. ಗಾಳಿಯಾಡಿದ ಮೇಲೆ, ಲೈಟು, ಫ್ಯಾನು, ಚಾವಿ ಎಲ್ಲ ಆಫ್ ಮಾಡಿ ನೆಗೆಟಿವ್ ತೆಗೆಯಿರಿ. ಬೆಳಕಿಗೆ ಎಲ್‌ಇಡಿ ಟಾರ್ಚ್ ಇರಲಿ. ಫಿಲಮೆಂಟ್ ಬಲ್ಬಿನ ಕೈದೀಪ ಕೆಳಗೆ ಬಿದ್ದು ಒಡೆದರೆ ಅದೇ ಬೆಂಕಿಕಡ್ಡಿ. 2 ಕಿಲೋ ಡ್ರೈ ಪೌಡರ್ ಬೆಂಕಿ ಆರಿಸುವ ಸಿಲಿಂಡರ್ ಕೈಗೆಟಕುವಂತಿರಲಿ.

ಡಿಕ್ಕಿಯ ಮುಂಭಾಗದ ಹೊದಿಕೆ ತೆಗೆದರೆ ದಪ್ಪ ಹೋಸ್ ಕಾಣುತ್ತದೆ. ಹೋಸ್, ಕ್ಲಾಂಪ್, ಅದರ ಕೆಳಗಿನ ಟ್ಯಾಂಕಿನ ಮೈ ಎಲ್ಲವನ್ನೂ ಬಟ್ಟೆಯಿಂದ ಒರೆಸಿ ಪೂರ್ತಿ ಒಣಗಿಸಿ, ಮೇಲೆ ತೆಳ್ಳಗೆ ಟಾಲ್ಕಂ ಪೌಡರ್ ಉದುರಿಸಿ. ಬ್ಯಾಟರಿ ಮತ್ತೆ ಜೋಡಿಸಿ ಎರಡು ಮೂರು ತಿರುವು ಹೊಡೆದು ಬನ್ನಿ. ಜಿನುಗಿದ ಕಡೆ ಪೌಡರ್ ಮೇಲೆ ಕಂದು ಗೆರೆ ಇಳಿದಿರುತ್ತದೆ. ಬಡವರ ಪತ್ತೇದಾರಿಕೆ ಅನಿಸಬಹುದು, ಆದರೆ ಎಷ್ಟೋ ಸಲ ದುಬಾರಿ ಯಂತ್ರಕ್ಕಿಂತ ಬೇಗ ಉತ್ತರ ಕೊಡುತ್ತದೆ. ಇನ್ನೊಂದು ದಾರಿ, ಪೆಟ್ರೋಲಿಗೆ ಬೆರೆಸುವ ಹೊಳೆಯುವ ಬಣ್ಣ ಮತ್ತು ಯುವಿ ಟಾರ್ಚ್.

ಅಲ್ಲಿ ಏನೂ ಸಿಗದಿದ್ದರೆ ಸೀಟಿನ ಹಿಂದಿನ ಕಾರ್ಪೆಟ್ ಎತ್ತಿ. ಅದರಡಿ ಸ್ಕ್ರೂ ಹಾಕಿ ಕೂರಿಸಿದ ತಗಡಿನ ಮುಚ್ಚಳವಿದೆ, ಅದರ ಕೆಳಗೆ ಪಂಪಿನ ಜೋಡಣೆ. ಹಿಂದೆ ಯಾರಾದರೂ ಪಂಪ್ ಬದಲಾಯಿಸಿ ಹಳೆಯ ಗ್ಯಾಸ್ಕೆಟ್ಟನ್ನೇ ಮತ್ತೆ ಕೂರಿಸಿದ್ದರೆ ಇಲ್ಲಿ ಒದ್ದೆ ಇರುತ್ತದೆ. ಒಂದು ಮಾತು: ತಗಡಿನ ಮುಚ್ಚಳದ ಸೀಲ್ ಹೋಗಿದ್ದರೆ, ಸೋರುತ್ತಿರುವುದು ಬೇರೆಲ್ಲೋ ಆದರೂ ಆವಿ ಕ್ಯಾಬಿನ್ನಿಗೆ ನುಗ್ಗುವ ಬಾಗಿಲು ಇದೇ. ಅದನ್ನು ಹೇಗಿದ್ದರೂ ಹೊಸದಾಗಿ ಸೀಲ್ ಮಾಡಿ. ಆದರೆ ಅಷ್ಟು ಮಾತ್ರ ಮಾಡಿ ವಾಸನೆ ನಿಂತಿತೆಂದು ಸುಮ್ಮನಾದರೆ ಅದು ರಿಪೇರಿಯಲ್ಲ, ಮೂಗು ಮುಚ್ಚಿಕೊಂಡ ಹಾಗೆ.

ಎರಡೂ ಕಡೆ ಒಣಗಿದ್ದರೆ ಹೊಗೆ ಪರೀಕ್ಷೆ ಮಾಡಿಸಿ. ಟ್ಯಾಂಕಿನ ಆವಿ ವ್ಯವಸ್ಥೆಗೆ ಹೊಗೆಯನ್ನು ನೈಟ್ರೋಜನ್ ಜೊತೆ ತಳ್ಳುತ್ತಾರೆ. ಒತ್ತಡ 0.5 ಪಿಎಸ್‌ಐ ಮೀರಬಾರದು, ಅಂದರೆ ಬಾಯಲ್ಲಿ ಬಲೂನು ಊದುವುದಕ್ಕಿಂತ ಕಡಿಮೆ. ಟೈರಿಗೆ ಗಾಳಿ ಹಾಕುವ ಕಂಪ್ರೆಸರ್ ಇಲ್ಲಿಗೆ ಜೋಡಿಸಿದರೆ ಟ್ಯಾಂಕಿಗೇ ಪೆಟ್ಟು. ನಿಮ್ಮ ರಾಜ್ಯದಲ್ಲಿ 1995 ಮತ್ತು ಅದಕ್ಕೂ ಹಳೆಯ ಕಾರುಗಳ ಹೊಗೆ ತಪಾಸಣೆಯಾದ ಸ್ಮಾಗ್ ಚೆಕ್‌ನಲ್ಲಿ ಟ್ಯಾಂಕಿನ ಕಡಿಮೆ ಒತ್ತಡದ ಸೋರಿಕೆ ಪರೀಕ್ಷೆಯೂ ಸೇರಿದೆ. ಆ ಕೇಂದ್ರದಲ್ಲಿ ಸೋರಿಕೆ ಇದೆಯೋ ಇಲ್ಲವೋ ಎಂಬುದಾದರೂ ಗೊತ್ತಾಗುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ದೀಪ ಉರಿಯಲಿಲ್ಲ ಎಂದು ಸಮಾಧಾನ ಪಡಬೇಡಿ. 1994ರ ಕಂಪ್ಯೂಟರಿಗೆ ಆವಿ ಸೋರಿಕೆ ಕಂಡುಹಿಡಿಯುವ ಸಾಮರ್ಥ್ಯವೇ ಇಲ್ಲ.

ಈಗ ಇದ್ದಿಲು ಡಬ್ಬಿ. ಬಂಕಿನಲ್ಲಿ ಗನ್ ಮೊದಲ ಸಲ ಟಕ್ ಎಂದ ಮೇಲೂ ರೌಂಡ್ ಫಿಗರಿಗೆಂದು ಇನ್ನೂ ಅರ್ಧ ಗ್ಯಾಲನ್ ತುರುಕುವ ಅಭ್ಯಾಸ ನಿಮಗಿದ್ದರೆ, ಮೊದಲು ಅದನ್ನು ಬಿಡಿ. ಆವಿಗಾಗಿ ಬಿಟ್ಟ ಜಾಗ ತುಂಬಿ, ದ್ರವ ಪೆಟ್ರೋಲೇ ಆವಿ ಪೈಪಿಗೆ ನುಗ್ಗಿ ಇದ್ದಿಲು ನೆನೆದು ಹಾಳಾಗುತ್ತದೆ. ಡಬ್ಬಿಯಿಂದ ಎಂಜಿನ್ ಕಡೆ ಆವಿ ಒಯ್ಯುವ ಪರ್ಜ್ ಹೋಸ್ ಕಿತ್ತು ನೋಡಿ. ಒಳಗೆ ಕಪ್ಪು ಮರಳಿನಂಥ ಕಣ ಕಂಡರೆ ಡಬ್ಬಿಯ ಆಯುಷ್ಯ ಮುಗಿದಿದೆ. ಆ ದಾರಿಯ ಪರ್ಜ್ ವಾಲ್ವಿನೊಳಗೆ ಕರೆಂಟ್ ಇಲ್ಲದಾಗ ಗಾಳಿ ಹೋಗಬಾರದು, 12 ವೋಲ್ಟ್ ಕೊಟ್ಟಾಗ ಹೋಗಬೇಕು. ಅದು ಮುಚ್ಚಿಕೊಂಡೇ ಉಳಿದರೆ ಡಬ್ಬಿ ಎಂದೂ ಖಾಲಿಯಾಗುವುದಿಲ್ಲ. ಡಬ್ಬಿಯನ್ನೇ ಕಿತ್ತೆಸೆಯುವ ಸಲಹೆ ಕೊಡುವವರು ಸಿಗುತ್ತಾರೆ. ಕೇಳಬೇಡಿ: ವಾಸನೆ ಹೆಚ್ಚುತ್ತದೆ, ಸ್ಮಾಗ್ ಚೆಕ್ಕಿನಲ್ಲೂ ಫೇಲ್.

ಹೋಸ್ ಬದಲಾಯಿಸುವ ಕೆಲಸ. ಮೊದಲು ಟ್ಯಾಂಕನ್ನು ಅರ್ಧಕ್ಕಿಂತ ಕೆಳಗೆ ಇಳಿಸಿ, ದ್ರವ ಪೆಟ್ರೋಲ್ ಎಲ್ಲೂ ಕಾಣದಿದ್ದರೆ ಮಾತ್ರ ಓಡಿಸಿ ಇಳಿಸಿ. ಪಂಪಿನ ಮೇಲಿನ ಹೋಸ್ ಬಿಚ್ಚುವುದಿದ್ದರೆ ಒತ್ತಡ ತೆಗೆಯಬೇಕು: ಎಂಜಿನ್ ಚಾಲೂ ಇರುವಾಗ ಪಂಪಿನ ರಿಲೇ ಕನೆಕ್ಟರ್ ಕಿತ್ತರೆ ಎಂಜಿನ್ ತಾನೇ ನಿಲ್ಲುತ್ತದೆ, ಆಮೇಲೆ ಬ್ಯಾಟರಿ ನೆಗೆಟಿವ್. ಹೀಗೆ ಮಾಡಿದರೂ ಸ್ವಲ್ಪ ಪೆಟ್ರೋಲ್ ಉಳಿದಿರುತ್ತದೆ, ಬಟ್ಟೆ ಸುತ್ತಿಯೇ ಎಳೆಯಿರಿ. ಹಳೆಯ ದಪ್ಪ ಹೋಸನ್ನು ಸ್ಕ್ರೂಡ್ರೈವರ್‌ನಿಂದ ಮೀಟಬೇಡಿ, ಉದ್ದಕ್ಕೆ ಸೀಳಿ ತೆಗೆಯಿರಿ. ಮೀಟಿದಾಗ ಕೊಳವೆಯ ಮೇಲೆ ಬಿದ್ದ ಗೀರೇ ಹೊಸ ಹೋಸ್ ಸೋರಲು ದಾರಿ. ಕೊಳವೆಯ ತುಕ್ಕನ್ನು ಕೈಯಿಂದಲೇ, ನಯವಾದ ಎಮರಿ ಪೇಪರಿನಲ್ಲಿ ಉಜ್ಜಿ. ಗ್ರೈಂಡರ್ ಹತ್ತಿರಕ್ಕೂ ಬೇಡ.

ಹೋಸ್ ಆಯ್ಕೆಯಲ್ಲೇ ಹೆಚ್ಚಿನವರು ಎಡವುವುದು. ರೇಡಿಯೇಟರ್, ಹೀಟರ್ ಹೋಸಿನ ರಬ್ಬರ್ ಪೆಟ್ರೋಲ್ ಕುಡಿದು ಊದಿಕೊಳ್ಳುತ್ತದೆ. ದಪ್ಪ ಹೋಸಿಗೆ ಪೆಟ್ರೋಲ್ ಫಿಲ್ಲರಿಗೆಂದೇ ಮಾಡಿದ್ದು ಬೇಕು. ಒತ್ತಡದ ಕಡೆ ಎಸ್‌ಎಇ ಜೆ30 ಆರ್9 ಎಂಬ ಹೋಸ್ ದರ್ಜೆ ಮೈಮೇಲೆ ಅಚ್ಚಾಗಿರುವುದನ್ನೇ ಕೊಳ್ಳಿ. ಆರ್7 ಕಾರ್ಬುರೇಟರಿನ ಕಡಿಮೆ ಒತ್ತಡಕ್ಕೆ ಮಾತ್ರ. ಟ್ಯಾಂಕಿನೊಳಗೆ ಮುಳುಗಿರುವ ತುಂಡಿಗೆ ಆರ್10 ಬೇಕು. ಆರ್9ರ ಹೊರಪದರ ಮುಳುಗಿರಲು ಮಾಡಿದ್ದಲ್ಲ. ಕ್ಲಾಂಪ್ ಅಂಚು ಮಡಚಿದ್ದಾಗಿರಲಿ, ಪಟ್ಟಿಯಲ್ಲಿ ತೂತುಗಳಿರಬಾರದು. ತೂತಿನ ಸಾಮಾನ್ಯ ಕ್ಲಾಂಪ್ ಬಿಗಿ ಮಾಡಿದಷ್ಟೂ ರಬ್ಬರನ್ನು ಕೊಯ್ಯುತ್ತದೆ. ಕೊಳವೆಯ ಉಬ್ಬು ದಾಟಿ ಹೋಸ್ ಪೂರ್ತಿ ಕೂರಬೇಕು, ಕ್ಲಾಂಪ್ ಉಬ್ಬಿನ ಹಿಂದೆ ಬರಬೇಕು, ಉಬ್ಬಿನ ಮೇಲಲ್ಲ.

ಜೋಡಿಸಿದ ಮೇಲೆ ನೇರ ಫುಲ್ ಟ್ಯಾಂಕ್ ಮಾಡಿಸಬೇಡಿ. ಮೊದಲು ಐದು ಲೀಟರ್ ಹಾಕಿ ಒಣ ಬಟ್ಟೆಯಿಂದ ಸುತ್ತ ಒರೆಸಿ ನೋಡಿ. ಪಂಪಿನ ಕಡೆ ಮುಟ್ಟಿದ್ದರೆ ಎಂಜಿನ್ ಸ್ಟಾರ್ಟ್ ಮಾಡದೆಯೇ ಪರೀಕ್ಷಿಸಬಹುದು: ಬಾನೆಟ್ಟಿನಡಿಯ ಡಯಾಗ್ನಸಿಸ್ ಡಬ್ಬಿಯಲ್ಲಿ ಎಫ್/ಪಿ ಮತ್ತು ಜಿಎನ್‌ಡಿ ತುದಿಗಳ ನಡುವೆ ವೈರ್ ಕೊಟ್ಟು ಚಾವಿ ಆನ್ ಮಾಡಿದರೆ ಪಂಪ್ ಓಡುತ್ತದೆ. ಎಲ್ಲ ಒಣಗಿದ್ದರೆ ಆಮೇಲೆ ಫುಲ್. ಅದೇ ತಿರುವುಗಳಲ್ಲಿ ಓಡಿಸಿ ಬಂದು ಇನ್ನೊಮ್ಮೆ ನೋಡಿ, ಆಮೇಲೆಯೇ ಹೊದಿಕೆ ಹಾಕಿ.

ಅಲ್ಲಿಯವರೆಗೆ ಓಡಿಸಬಹುದೇ? ನೀವು ಕೇಳಿಲ್ಲ, ಆದರೂ ಹೇಳಬೇಕು. ದ್ರವ ಪೆಟ್ರೋಲ್ ಎಲ್ಲೇ ಕಂಡರೂ ಕಾರು ಅಲ್ಲೇ ನಿಲ್ಲಲಿ, ಟೋ ಮಾಡಿಸಿ. ಗಾಳಿಯಲ್ಲಿ ಪೆಟ್ರೋಲ್ ಆವಿ ಶೇಕಡಾ 1.4 ಆದರೆ ಸಾಕು, ಬೆಂಕಿ ಹಿಡಿಯುತ್ತದೆ. ನಿಮ್ಮ ಮೂಗು ಅದಕ್ಕಿಂತ ಎಷ್ಟೋ ಕಡಿಮೆ ಇರುವಾಗಲೇ ಹಿಡಿಯುತ್ತದೆ ನಿಜ. ಆದರೆ ಸ್ವಲ್ಪ ಹೊತ್ತಿಗೆ ಒಗ್ಗಿಹೋಗಿ ಹೇಳುವುದನ್ನೇ ನಿಲ್ಲಿಸುತ್ತದೆ. ಮನೆಗೆ ಅಂಟಿಕೊಂಡ ಗ್ಯಾರೇಜಿನಲ್ಲಿ, ಅದರಲ್ಲೂ ಗ್ಯಾಸ್ ವಾಟರ್ ಹೀಟರ್ ಇರುವ ಗ್ಯಾರೇಜಿನಲ್ಲಿ, ಈ ಕಾರು ಈಗ ಖಂಡಿತ ಬೇಡ.

ಪ್ರಶ್ನೆ: ನಮ್ಮ ಮನೆಯಲ್ಲಿ 1970ರ ಎಂಜಿಬಿ ರೋಡ್‌ಸ್ಟರ್ ಇದೆ, ಎರಡು ಎಸ್‌ಯು ಕಾರ್ಬುರೇಟರ್. ತಿಂಗಳಿಗೊಮ್ಮೆ ತೆಗೆಯುವುದು. ಚಾವಿ ಆನ್ ಮಾಡಿದ ಕೂಡಲೇ ಬಾನೆಟ್ಟಿನಿಂದ ಪೆಟ್ರೋಲ್ ವಾಸನೆ, ಕೆಲವೊಮ್ಮೆ ಕೆಳಗೆ ತೊಟ್ಟಿಕ್ಕುತ್ತದೆ. ಫುಲ್ ಟ್ಯಾಂಕ್ ಇದ್ದರೆ ಡಿಕ್ಕಿಯಲ್ಲೂ ವಾಸನೆ. ಶೇಕಡಾ 20 ಎಥನಾಲ್ ಬೆರೆತ ಇ20 ಪೆಟ್ರೋಲಿನಿಂದ ಹೀಗಾಗಿದೆ ಎಂದು ಮೆಕ್ಯಾನಿಕ್ ಹೇಳುತ್ತಾರೆ. ನಿಜವೇ?
— ಬಸವನಗುಡಿ, ಬೆಂಗಳೂರು

ಉತ್ತರ: ಪೂರ್ತಿ ನಿಜವೂ ಅಲ್ಲ, ಸುಳ್ಳೂ ಅಲ್ಲ. ನಿಮ್ಮ ಕಾರಿನಲ್ಲಿರುವುದು ಎರಡು ಬೇರೆ ಬೇರೆ ಸೋರಿಕೆ.

ಮೊದಲು ಮುಂದಿನದು. ಎಸ್‌ಯು ಎಲೆಕ್ಟ್ರಿಕ್ ಪಂಪ್ ಮಾತಾಡುವ ಪಂಪ್, ಅದರ ಟಿಕ್ ಟಿಕ್ ಸದ್ದನ್ನೇ ಕೇಳಿ. ಚಾವಿ ಆನ್ ಮಾಡಿದರೆ ಬಡಬಡನೆ ಬಡಿದು, ಕಾರ್ಬುರೇಟರ್ ತುಂಬಿದ ಮೇಲೆ ಸುಮ್ಮನಾಗಬೇಕು. ಎಂಜಿನ್ ಸ್ಟಾರ್ಟ್ ಮಾಡದೆ ಹಾಗೇ ಬಿಟ್ಟು ಗಡಿಯಾರ ನೋಡಿ. ಅರ್ಧ ನಿಮಿಷಕ್ಕೊಂದು ಟಿಕ್ ಪರವಾಗಿಲ್ಲ. ಎರಡು ಮೂರು ಸೆಕೆಂಡಿಗೊಂದು ಬಂದರೆ ಪೆಟ್ರೋಲ್ ಎಲ್ಲಿಗೋ ಹೋಗುತ್ತಿದೆ. ಮುಂದೆ ತೊಟ್ಟಿಕ್ಕುತ್ತಿದ್ದರೆ ಫ್ಲೋಟ್ ನೀಡಲ್ (ಕಾರ್ಬುರೇಟರ್ ತುಂಬಿದಾಗ ಪೆಟ್ರೋಲ್ ತಡೆಯುವ ಸೂಜಿ) ಮುಚ್ಚಿಕೊಳ್ಳುತ್ತಿಲ್ಲ. ಎಲ್ಲೂ ಒದ್ದೆಯಿಲ್ಲದಿದ್ದರೆ ಪಂಪಿನ ವಾಲ್ವ್ ಹಿಂದಕ್ಕೆ ಬಿಡುತ್ತಿದೆ, ಅದರಿಂದ ವಾಸನೆ ಬರುವುದಿಲ್ಲ.

ತಿಂಗಳುಗಟ್ಟಲೆ ನಿಂತ ಕಾರಿನಲ್ಲಿ ಫ್ಲೋಟ್ ಡಬ್ಬಿಯ ಪೆಟ್ರೋಲ್ ಆರಿ, ಅಂಟು ಉಳಿದು ನೀಡಲ್ ಸಿಕ್ಕಿಕೊಳ್ಳುತ್ತದೆ. ಫ್ಲೋಟ್ ಡಬ್ಬಿಯ ಮುಚ್ಚಳ ತೆಗೆದು ನೀಡಲ್, ಅದು ಕೂರುವ ಸೀಟ್ ಎರಡನ್ನೂ ಜೊತೆಯಾಗಿ ಬದಲಾಯಿಸಿ. ತುದಿಗೆ ವಿಟಾನ್ ರಬ್ಬರ್ ಇರುವ ನೀಡಲ್ ಸಿಗುತ್ತದೆ, ಸಣ್ಣ ಕಸವಿದ್ದರೂ ಮುಚ್ಚಿಕೊಳ್ಳುತ್ತದೆ. ಮುಚ್ಚಳವನ್ನು ತಲೆಕೆಳಗಾಗಿ ಹಿಡಿದು, ಫ್ಲೋಟ್ ತನ್ನ ಭಾರಕ್ಕೆ ನೀಡಲ್ ಮೇಲೆ ಕೂತಾಗ, ಮುಚ್ಚಳದ ಅಂಚಿಗೂ ಫ್ಲೋಟಿಗೂ ನಡುವೆ 3.2 ಮಿ.ಮೀ. ಕಡ್ಡಿ ಸರಿಯಾಗಿ ಕೂರಬೇಕು. ಡ್ರಿಲ್ ಬಿಟ್ಟಿನ ಹಿಂಭಾಗ ಇಟ್ಟು ಅಳೆಯಬಹುದು. ಫ್ಲೋಟನ್ನು ಕಿವಿಯ ಹತ್ತಿರ ಅಲುಗಾಡಿಸಿ. ಒಳಗೆ ಕುಲುಕುವ ಸದ್ದು ಬಂದರೆ ಅದು ತೂತಾಗಿ ಪೆಟ್ರೋಲ್ ಕುಡಿದಿದೆ. ಡಬ್ಬಿಯ ತಳದಿಂದ ಜೆಟ್ಟಿಗೆ (ಎಂಜಿನ್ನಿಗೆ ಪೆಟ್ರೋಲ್ ಬಿಡುವ ಸಣ್ಣ ನಳಿಕೆ) ಹೋಗುವ ಸಣ್ಣ ನೈಲಾನ್ ಪೈಪಿನ ರಬ್ಬರ್ ವಾಷರ್ ಕೂಡ ಸೋರುವ ಜಾಗ. ಎಂಜಿಬಿಯಲ್ಲಿ ಕಾರ್ಬುರೇಟರ್, ಎಕ್ಸಾಸ್ಟ್ ಎರಡೂ ಒಂದೇ ಕಡೆ ಇವೆ. ಓವರ್‌ಫ್ಲೋ ಪೈಪು ಕಳಚಿದ್ದರೆ ಹನಿ ಬೀಳುವುದು ಕಾದ ಕಬ್ಬಿಣದ ಮೇಲೆ. ಮಿಕ್ಕಿದ್ದೆಲ್ಲ ನಿಧಾನವಾಗಲಿ, ಆ ಪೈಪನ್ನು ಇವತ್ತೇ ನೋಡಿ.

ಹಿಂದಿನದು ಬಹುತೇಕ ತುಕ್ಕು. ಈ ಟ್ಯಾಂಕ್ ಡಿಕ್ಕಿಯ ತಳಕ್ಕೆ ಹೊರಗಿನಿಂದ ಕಚ್ಚಿಕೊಂಡಿದೆ. ಎರಡರ ಸಂದಿನಲ್ಲಿ ಮಣ್ಣು, ತೇವ ಕೂತು ಟ್ಯಾಂಕಿನ ಮೇಲ್ಮೈಯೇ ಮೊದಲು ತೂತಾಗುತ್ತದೆ. ಕೆಳಗಿನಿಂದ ನೋಡಿದರೆ ಬಣ್ಣ ಹೊಸದರಂತೆ ಹೊಳೆಯುತ್ತಿರುತ್ತದೆ! ಟ್ಯಾಂಕ್ ಇಳಿಸದೆ ಇದು ಗೊತ್ತಾಗುವುದಿಲ್ಲ. ಇಳಿಸುವ ಮೊದಲು ಗೇಜ್ ಯೂನಿಟ್ಟಿನ ರಬ್ಬರ್ ರಿಂಗ್ ಒಮ್ಮೆ ನೋಡಿ, ಅದು ಹಳೆಯದಾಗಿದ್ದರೂ ಫುಲ್ ಇದ್ದಾಗ ಜಿನುಗುತ್ತದೆ. ಮೇಲೆ ತುಕ್ಕು ಹಿಡಿದಿದ್ದರೆ ಹೊಸ ಟ್ಯಾಂಕ್ ತರಿಸುವುದೇ ಸರಿ. ಪೆಟ್ರೋಲ್ ಖಾಲಿ ಮಾಡಿದ ಟ್ಯಾಂಕ್ ತುಂಬಿದ ಟ್ಯಾಂಕಿಗಿಂತ ಅಪಾಯಕಾರಿ, ಒಳಗೆ ಬರೀ ಆವಿ ಮತ್ತು ಗಾಳಿ. ಬೀದಿ ಬದಿಯ ವೆಲ್ಡಿಂಗ್ ಅಂಗಡಿಗೆ ಅದನ್ನು ಒಯ್ಯಬೇಡಿ. ತೂತಿಗೆ ಬಟ್ಟೆ ಸಾಬೂನು ಉಜ್ಜುವ ಹಳೇ ಉಪಾಯ ಗೊತ್ತಿರಬಹುದು. ಸಾಬೂನು ಪೆಟ್ರೋಲಿನಲ್ಲಿ ಕರಗುವುದಿಲ್ಲ, ಹಾಗಾಗಿ ಟ್ಯಾಂಕಿನ ಜಿನುಗನ್ನು ತಾತ್ಕಾಲಿಕವಾಗಿ ತಡೆಯುತ್ತದೆ. ಗ್ಯಾರೇಜ್ ಮುಟ್ಟುವವರೆಗೆ ಸರಿ, ಅದಕ್ಕಿಂತ ಮುಂದಕ್ಕಲ್ಲ.

ಇನ್ನು ಇ20. ಎಥನಾಲ್ ಹಳೆಯ ಕಾಲದ ರಬ್ಬರನ್ನು ಮೆತ್ತಗಾಗಿಸುತ್ತದೆ, ಊದಿಸುತ್ತದೆ. ಟ್ಯಾಂಕಿನ ಗೋಡೆಗೆ ಅಂಟಿದ್ದ ಹಳೇ ಅಂಟನ್ನು ಕರಗಿಸಿ ತಂದು ನೀಡಲ್ಲಿಗೆ ಸಿಕ್ಕಿಸುತ್ತದೆ. ಹಿಂದೆ ಒಳಗೆ ಬಳಿದಿದ್ದ ಹಳೆಯ ಟ್ಯಾಂಕ್ ಸೀಲರ್ ಪದರ ಪದರವಾಗಿ ಏಳಬಹುದು. ನೀರನ್ನೂ ಹೀರಿಕೊಳ್ಳುತ್ತದೆ, ತಿಂಗಳುಗಟ್ಟಲೆ ನಿಲ್ಲುವ ಕಾರಿಗೆ ಇದೇ ದೊಡ್ಡ ತೊಂದರೆ. ಆದ್ದರಿಂದ ಟ್ಯಾಂಕಿನಿಂದ ಕಾರ್ಬುರೇಟರಿನವರೆಗೆ ಎಲ್ಲ ರಬ್ಬರ್ ತುಂಡುಗಳನ್ನೂ ಒಂದೇ ಸಲ ಆರ್9ಕ್ಕೆ ಬದಲಾಯಿಸಿ. ಒತ್ತಡ 3 ಪಿಎಸ್‌ಐ ಆಸುಪಾಸು ಮಾತ್ರ, ಅಷ್ಟಕ್ಕೆ ಆರ್7 ಸಾಕು. ಆದರೂ ಆರ್9 ಎನ್ನುವುದು ಒತ್ತಡಕ್ಕಲ್ಲ, ಎಥನಾಲ್ ತಡೆಯುವ ಅದರ ಒಳಪದರಕ್ಕೆ. ಮೊದಲ ಎರಡು ಟ್ಯಾಂಕ್ ಮುಗಿದ ಮೇಲೆ ಫಿಲ್ಟರ್ ಇನ್ನೊಮ್ಮೆ ಬದಲಾಯಿಸಿ. ಇ20ಯಲ್ಲಿ ಆಮ್ಲಜನಕ ಹೆಚ್ಚಿರುವುದರಿಂದ ಮಿಶ್ರಣ ತೆಳುವಾಗುತ್ತದೆ, ಜೆಟ್ಟಿನ ಷಡ್ಭುಜ ನಟ್ಟನ್ನು ಒಂದೊಂದೇ ಮುಖದಷ್ಟು ಕೆಳಕ್ಕೆ ತಿರುಗಿಸಿ ಸರಿಮಾಡಬೇಕು. ಬೆಂಗಳೂರು ಸಮುದ್ರ ಮಟ್ಟದಿಂದ 900 ಮೀಟರ್ ಮೇಲಿದ್ದು ಇಲ್ಲಿನ ತೆಳುಗಾಳಿ ಮಿಶ್ರಣವನ್ನು ಸ್ವಲ್ಪ ದಪ್ಪಗೆ ಮಾಡುತ್ತದಾದ್ದರಿಂದ, ಮಂಗಳೂರಿನಲ್ಲಿ ಬೇಕಾಗುವಷ್ಟು ತಿರುಗಿಸುವುದು ಇಲ್ಲಿ ಬೇಕಿಲ್ಲ. ಸ್ಪಾರ್ಕ್ ಪ್ಲಗ್ಗಿನ ಬಣ್ಣ ನೋಡಿ ನಿಲ್ಲಿಸಿ.

ಪ್ರಶ್ನೆ: ಚಳಿಗೆ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಎಸಿ ಕಿಂಡಿಯಿಂದ ಪೆಟ್ರೋಲ್ ವಾಸನೆ, ಐದು ನಿಮಿಷಕ್ಕೆ ಮಾಯ. ಇಪ್ಪತ್ತೈದು ವರ್ಷದ ಇಂಜೆಕ್ಷನ್ ಕಾರು. ಗ್ಯಾರೇಜಿಗೆ ಒಯ್ದಾಗ ಎಂಜಿನ್ ಬಿಸಿಯಿರುತ್ತದೆ, ಏನೂ ಸಿಗುವುದಿಲ್ಲ.
— ಲೆಸ್ಟರ್, ಇಂಗ್ಲೆಂಡ್

ಉತ್ತರ: ಕಾರನ್ನು ಹಿಂದಿನ ದಿನವೇ ಗ್ಯಾರೇಜಿನಲ್ಲಿ ಬಿಟ್ಟು ಬನ್ನಿ, ಅವರು ಬೆಳಿಗ್ಗೆ ನೋಡಲಿ. ಎಂಜಿನ್ನಿಗೆ ಪೆಟ್ರೋಲ್ ಚಿಮುಕಿಸುವ ಇಂಜೆಕ್ಟರಿನ ಓ-ರಿಂಗ್ (ರಬ್ಬರ್ ಬಳೆ) ಗಟ್ಟಿಯಾಗಿ ಕುಗ್ಗಿದೆ ಎನಿಸುತ್ತದೆ. ಚಳಿಯಲ್ಲಿ ಜಿನುಗುತ್ತದೆ, ಬಿಸಿಯಾದಾಗ ಹಿಗ್ಗಿ ಮುಚ್ಚಿಕೊಳ್ಳುತ್ತದೆ. ಜಿನುಗಿದ್ದು ಬಾನೆಟ್ಟಿನ ಹಿಂದಿನ ಗಾಳಿಕಿಂಡಿಯ ಮೂಲಕ ಒಳಗೆ ಬರುತ್ತದೆ. ತಣ್ಣಗಿರುವಾಗ ಪಂಪ್ ಮಾತ್ರ ಓಡಿಸಿ ಪ್ರತಿ ಇಂಜೆಕ್ಟರಿನ ಬುಡಕ್ಕೆ ಟಿಶ್ಯೂ ಕಾಗದ ಒತ್ತಿ ನೋಡಿದರೆ ಯಾವುದೆಂದು ಗೊತ್ತಾಗುತ್ತದೆ. ಯಾವುದೇ ಆಗಿರಲಿ, ಬದಲಾಯಿಸುವಾಗ ಎಲ್ಲವನ್ನೂ ಬದಲಾಯಿಸಿ. ಹೊಸ ರಿಂಗಿಗೆ ಒಂದು ಹನಿ ಶುದ್ಧ ಎಂಜಿನ್ ಆಯಿಲ್ ಸವರಿ, ತಿರುಚದೆ ನೇರ ಒತ್ತಿ ಕೂರಿಸಬೇಕು. ಒಣಗಿದ್ದನ್ನು ಒತ್ತಿದರೆ ಅಂಚು ಕಿತ್ತು ಮೊದಲಿಗಿಂತ ಹೆಚ್ಚು ಸೋರುತ್ತದೆ. ಅದೇ ಹೊತ್ತಿಗೆ, ಇಂಜೆಕ್ಟರ್ ರೈಲಿನ (ಎಲ್ಲ ಇಂಜೆಕ್ಟರಿಗೂ ಪೆಟ್ರೋಲ್ ಹಂಚುವ ಪೈಪು) ಮೇಲೆ ಪ್ರೆಶರ್ ರೆಗ್ಯುಲೇಟರ್ ಇದ್ದರೆ ಅದರ ವ್ಯಾಕ್ಯೂಮ್ ಹೋಸ್ ಕಿತ್ತು ಮೂಸಿ. ಒಳಗೆ ಪೆಟ್ರೋಲ್ ಇದ್ದರೆ ರೆಗ್ಯುಲೇಟರಿನೊಳಗಿನ ತೆಳು ಪೊರೆ, ಅಂದರೆ ಡಯಾಫ್ರಾಮ್, ಹರಿದಿದೆ.

ಪ್ರಶ್ನೆ: ಟರ್ಬೊ ಡೈರೆಕ್ಟ್ ಇಂಜೆಕ್ಷನ್ ಎಂಜಿನ್. ಆಯಿಲ್ ಕಡ್ಡಿ ಮೂಸಿದರೆ ಪೆಟ್ರೋಲ್ ವಾಸನೆ, ಆಯಿಲ್ ಮಟ್ಟ ಇಳಿಯುವ ಬದಲು ಏರಿದೆ. ದಿನಕ್ಕೆ ನಾಲ್ಕು ಕಿಲೋಮೀಟರ್ ಆಫೀಸಿಗೆ ಮಾತ್ರ ಓಡಿಸುವುದು.
— ಮೈಸೂರು

ಉತ್ತರ: ನಾಲ್ಕು ಕಿಲೋಮೀಟರಿನಲ್ಲಿ ಆಯಿಲ್ ಕಾಯುವುದೇ ಇಲ್ಲ. ತಣ್ಣನೆಯ ಸಿಲಿಂಡರ್ ಗೋಡೆಗೆ ಬಿದ್ದ ಪೆಟ್ರೋಲ್ ಪಿಸ್ಟನ್ ರಿಂಗ್ ದಾಟಿ ಆಯಿಲ್ ಸೇರುತ್ತದೆ, ಆವಿಯಾಗಿ ಹೋಗುವಷ್ಟು ಬಿಸಿ ಸಿಗುವುದಿಲ್ಲ. ಮೊದಲು ಆಯಿಲ್, ಫಿಲ್ಟರ್ ಬದಲಾಯಿಸಿ. ಮಟ್ಟ ಗರಿಷ್ಠ ಗೆರೆ ದಾಟಿದ್ದರೆ ಬದಲಾಯಿಸುವವರೆಗೆ ಓಡಿಸಬೇಡಿ. ತೆಳುವಾದ ಆಯಿಲ್ ಟರ್ಬೊ ಬೇರಿಂಗನ್ನು ಕಾಪಾಡುವುದಿಲ್ಲ. ಆಮೇಲೆ ವಾರಕ್ಕೊಮ್ಮೆ ಶ್ರೀರಂಗಪಟ್ಟಣದ ಆಚೆಗೆ, ಅರ್ಧ ಗಂಟೆಗೆ ಕಡಿಮೆಯಿಲ್ಲದಂತೆ ಒಂದೇ ವೇಗದಲ್ಲಿ ಓಡಿಸಿ. ಸಾವಿರ ಕಿಲೋಮೀಟರಿಗೆ ಮಟ್ಟ ಮತ್ತೆ ಏರಿದರೆ ತಪ್ಪು ನಿಮ್ಮ ಓಡಾಟದ್ದಲ್ಲ. ಹೈ ಪ್ರೆಶರ್ ಪಂಪಿನ ಸೀಲ್ ಅಥವಾ ಸೋರುವ ಇಂಜೆಕ್ಟರನ್ನು ಹುಡುಕಿಸಬೇಕು. ಆ ಪೈಪುಗಳನ್ನು ಮನೆಯಲ್ಲಿ ಬಿಚ್ಚಲು ಹೋಗಬೇಡಿ: ಎಂಜಿನ್ ಓಡುವಾಗ ಅಲ್ಲಿನ ಒತ್ತಡ ನೂರಾರು ಬಾರ್‌ಗೆ ಏರುತ್ತದೆ, ಆ ಪೆಟ್ರೋಲ್ ಚಿಮ್ಮಿದರೆ ಚರ್ಮವನ್ನೇ ತೂರಿ ಒಳಗೆ ಹೋಗುತ್ತದೆ.